ನೀರು ಕಾಯುತ್ತಿದೆ

ಇಂಗ್ಲೆಂಡಿನ ರೆಡಿಂಗಿನಲ್ಲಿ ನಾವು ಬಾಡಿಗೆಗಿರುವ, 1930ರ ದಶಕದಲ್ಲಿ ಕಟ್ಟಿದ ಮನೆಯಲ್ಲಿ ಸ್ನಾನಕ್ಕೆ ಹೋಗುವವರು ಮೊದಲು ಮನೆಮಂದಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಿತ್ತು. ಶವರಿಗೂ ಕಮೋಡಿನ ಫ್ಲಶ್ ತೊಟ್ಟಿಗೂ ತಣ್ಣೀರು ಒಂದೇ ಪೈಪಿನಲ್ಲಿ ಬರುತ್ತಿದ್ದುದರಿಂದ, ಯಾರಾದರೂ ಮರೆತು ಫ್ಲಶ್ ಮಾಡಿದರೆ ತಣ್ಣೀರೆಲ್ಲ ಅತ್ತ ಓಡಿ, ಒಳಗಿದ್ದವರ ಬೆನ್ನ ಮೇಲೆ ಬಿಸಿನೀರೇ ಬೀಳುತ್ತಿತ್ತು. ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಬಿಸಿನೀರು ತುಂಬಿಡುವ ಸಿಲಿಂಡರಿನ ನೀರನ್ನು 60 ಡಿಗ್ರಿಗೆ ಕಾಯಿಸಿಡುತ್ತಾರಾದ್ದರಿಂದ ಅದು ತಮಾಷೆಯ ಮಾತಲ್ಲ.

ಕಳೆದ ವಾರ ಮನೆಯ ಮಾಲೀಕರು ಥರ್ಮೋಸ್ಟ್ಯಾಟ್ ಇರುವ ಶವರ್ ಹಾಕಿಸಿಕೊಟ್ಟರು. ನೀರು ಬಿಸಿಯಾದರೆ ಅದರೊಳಗಿನ ಮೇಣ ಹಿಗ್ಗಿ ಬಿಸಿನೀರಿನ ದಾರಿಯನ್ನು ಕಿರಿದಾಗಿಸುತ್ತದೆ, ತಣಿದರೆ ಕುಗ್ಗಿ ದಾರಿ ಬಿಡುತ್ತದೆ. ತಿರುಗಿಸುವ ಹಿಡಿ 38ರ ಗುರುತಿಗೆ ಬಂದು ನಿಲ್ಲುತ್ತದೆ, ಗುಂಡಿ ಒತ್ತದೆ ಮುಂದಕ್ಕೆ ಹೋಗುವುದಿಲ್ಲ. ಇದನ್ನೆಲ್ಲ ನಾನು ಏಳು ವರ್ಷದ ಮಗಳಿಗೆ ಉತ್ಸಾಹದಿಂದ ವಿವರಿಸುತ್ತಿದ್ದರೆ, ಪೈಪಿನಲ್ಲಿದ್ದ ತಣ್ಣೀರು ಹರಿದು ಮುಗಿಯಲೆಂದು ಟವೆಲ್ ಸುತ್ತಿಕೊಂಡು ನಡುಗುತ್ತ ನಿಂತಿದ್ದ ಅವಳು, "ಅಪ್ಪಾ, ಅಜ್ಜಿ ಮನೇಲಿ ನೀರು ನನಗೆ ಕಾಯ್ತಾ ಇರುತ್ತೆ, ಇಲ್ಲಿ ನಾನೇ ನೀರಿಗೆ ಕಾಯ್ಬೇಕು" ಎಂದಳು.

ಜುಲೈ ಕೊನೆಗೆ ಶಾಲೆಗೆ ರಜೆ ಸಿಕ್ಕಿ ತೀರ್ಥಹಳ್ಳಿಯ ಕಡೆಯ ನಮ್ಮ ಊರಿಗೆ ಹೋಗಿದ್ದಾಗ, ಅಮ್ಮ ದಿನವೂ "ನೀರು ಕಾದಿದೆ, ಬಾರೇ ಪುಟ್ಟಿ" ಎಂದು ಕರೆಯುತ್ತಿದ್ದರು. ಹಂಡೆಯ ನೀರು ತನ್ನ ದಾರಿ ನೋಡುತ್ತ ಕುಳಿತಿದೆಯೆಂದೇ ಮಗು ತಿಳಿದಿತ್ತು. ತಿದ್ದಲು ಹೊರಟವನು ಸುಮ್ಮನಾದೆ.

ಅಲ್ಲಿ ಹದ ನೋಡುತ್ತಿದ್ದುದು ಅಮ್ಮನ ಕೈ. ತಾಮ್ರದ ಹಂಡೆಯಿಂದ ಬಕೆಟ್ಟಿಗೆ ಬಿಸಿನೀರು ತೋಡಿ, ತಣ್ಣೀರು ಬೆರೆಸಿ, ಮಣಿಕಟ್ಟಿನವರೆಗೆ ಕೈಯಾಡಿಸಿ, ಮತ್ತೆ ಅರ್ಧ ಚೊಂಬು ಸುರಿದು, "ಹ್ಞೂಂ, ಈಗ ಹಾಕ್ಕೋ" ಎನ್ನುತ್ತಿದ್ದರು. ಯಾರೂ ಫ್ಲಶ್ ಮಾಡಿ ಅದನ್ನು ಕೆಡಿಸುವಂತಿರಲಿಲ್ಲ. ಆದರೆ ಆ ನೀರು ಕಾಯಬೇಕಾದರೆ ಅಮ್ಮ ಐದು ಗಂಟೆಗೆ ಏಳಬೇಕು, ಮಳೆಗಾಲದಲ್ಲಿ ತಂಡಿ ಹಿಡಿದ ಅಡಿಕೆ ಸಿಪ್ಪೆಯನ್ನು ಕೊಳವೆಯಿಂದ ಊದಿ ಊದಿ ಹೊತ್ತಿಸಬೇಕು, ಬಚ್ಚಲು ತುಂಬ ಹೊಗೆಯಲ್ಲಿ ಕೆಮ್ಮಬೇಕು. ತೆಗೆದಷ್ಟು ತಣ್ಣೀರನ್ನು ಹಂಡೆಗೆ ಸುರಿಯಬೇಕೆಂಬುದು ನಮ್ಮ ಬಚ್ಚಲಿನ ಕಾನೂನು. ಅದನ್ನು ಎಲ್ಲರೂ ಪಾಲಿಸುತ್ತಿದ್ದೆವು, ಒಲೆಗೆ ಇನ್ನಷ್ಟು ಸಿಪ್ಪೆ ತುಂಬಬೇಕೆಂಬುದು ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ. ಹಾಗಾಗಿ ಕೊನೆಗೆ ಹೋದವರಿಗೆ ಸಿಗುತ್ತಿದ್ದುದು ಆರಿದ ನೀರು. ಕೊನೆಗೆ ಹೋಗುತ್ತಿದ್ದವರು ಯಾರೆಂದು ನಾನು ಇಪ್ಪತ್ತು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ.

ಭಾನುವಾರ ಫೋನ್ ಮಾಡಿದಾಗ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅಮ್ಮ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಚ್ಚಲಿಗೆ ಹೊರಟಿದ್ದರು. ಮೊಮ್ಮಗಳ ಮಾತನ್ನು ಹೇಳಿದ್ದಕ್ಕೆ ಬಹಳ ಹೊತ್ತು ನಕ್ಕರು. "ನೀರು ಬಿಸಿ ಇದ್ಯೇನಮ್ಮ?" ಎಂದು ಕೇಳಿದೆ.

"ಉಗುರುಬೆಚ್ಚಗಿದೆ ಮಾರಾಯ, ನಂಗೆ ಸಾಕು" ಎಂದರು.