ಗೊತ್ತಿಲ್ರಿ ಕಾಕಾ

ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ ಬಂದು ನಾಲ್ಕು ದಿನವಾಯಿತು. ಹೊಲದ ತುಂಬಾ ನೈವೇದ್ಯದ ಚರಗ ಚೆಲ್ಲಿದ್ದು, ಬನ್ನಿ ಗಿಡದ ಬುಡದಾಗ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂಡಿಸಿದ್ದು, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಲ್ಲಾ ಎಂದಿನಂತೆಯೇ. ಕಿವಿಯಲ್ಲಿ ಉಳಿದದ್ದು ಮಾತ್ರ ಬೇರೆ. ಕಾಕಾನ ಹೊಲದಲ್ಲಿ ಮೊಣಕಾಲೂರಿ ಕೂತಿದ್ದ ಹುಡುಗಿಯೊಬ್ಬಳ ಬಾಯಿಂದ ಬಂದ ಎರಡು ಶಬ್ದ.

ನಮ್ಮದು ಆಳಂದ ಕಡೆಯ ಹಳ್ಳಿ. ಕಾಕಾನದು ಆರು ಎಕರೆ, ಆರಕ್ಕೂ ತೊಗರಿ. ದೂರದಿಂದ ನೋಡಿದರೆ ಒಂದು ಮೂಲೆ ಉಳಿದದ್ದಕ್ಕಿಂತ ಮೊದಲೇ ಮಾಗಿದಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಗೊತ್ತಾಗುತ್ತದೆ, ಮಾಗಿದ್ದಲ್ಲ, ನೆಟಿ ರೋಗ ಹಾಯ್ದದ್ದು. ಎಲೆ ಜೋತು, ಹೂವು ಹಂಗೇ ಒಣಗಿ, ಕಾಯಿ ಹಿಚುಕಿದರೆ ಒಳಗೆ ಕಾಳಿನ ಜಾಗದಲ್ಲಿ ಸಿಪ್ಪೆ. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ನಿಂತಲ್ಲೇ ಸತ್ತಿರುತ್ತದೆ. 2022ರ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ತುಂಬಾ ಹೀಗೇ ಆಗಿತ್ತು. ಆಗ ಸರಕಾರ ಹೆಕ್ಟೇರಿಗೆ 10 ಸಾವಿರ ಪರಿಹಾರ ಅಂತ ಹೇಳಿತ್ತು. ಆ ವರ್ಷದಿಂದ ಕಾಕಾ ನೆಟಿ ಅನ್ನುವ ಶಬ್ದವನ್ನೇ ಬಾಯಲ್ಲಿ ತರುವುದಿಲ್ಲ. 'ಅದು' ಅನ್ನುತ್ತಾನೆ. ಈ ಸಲ 'ಅದು' ಮತ್ತೆ ಬಂದಿತ್ತು.

ನಾವು ಉಣ್ಣಲು ಕೂತಾಗ ಒಡ್ಡಿನ ಮೇಲೆ ಸ್ಕೂಟಿ ನಿಂತಿತು. ಕೃಷಿ ಕಾಲೇಜಿನಲ್ಲಿ ಸಸ್ಯರೋಗದ ಮೇಲೆ ಪಿಎಚ್‌ಡಿ ಮಾಡುವ ಹುಡುಗಿ, ಜೊತೆಗೆ ಒಂದು ಗೋಣಿಚೀಲ, ಮಾರ್ಕರ್ ಪೆನ್ನು, ಕಾಗದದ ಲಕೋಟೆಗಳು. ಹಬ್ಬದ ದಿನ ಯಾಕೆ ಬಂದೆವ್ವಾ ಅಂದರೆ, ಕೊಯ್ಲು ಶುರುವಾದರೆ ಗಿಡವೇ ಸಿಗುವುದಿಲ್ಲ ಅಂದಳು. ಕಾಕಿ ಅವಳನ್ನು ಗಿಡ ಮುಟ್ಟಲು ಬಿಡಲಿಲ್ಲ. ಮೊದಲು ಉಣ್ಣು. ಆಕೆ ಬೇಡಬೇಡ ಅಂದು ಮೂರು ರೊಟ್ಟಿ ಉಂಡಳು. ಉಪಚಾರಕ್ಕೆ ಬೇಡ ಅಂದು ಆಮೇಲೆ ಹೊಟ್ಟೆ ತುಂಬಾ ಉಣ್ಣುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಕ್ಕರೆ.

ಆಮೇಲೆ ಖುರ್ಪಿ ತಗೊಂಡು ಒಣಗಿದ ಒಂದು ಗಿಡದ ಬುಡ ಅಗೆದಳು. ಕಿತ್ತು ಮಣ್ಣು ಜಾಡಿಸಿದಳು. ಬುಡದಿಂದ ಮೇಲೆ ಒಂದು ಗೇಣಿನಷ್ಟು ಕಾಂಡದ ಮೇಲೆ ನೇರಳೆ ಪಟ್ಟಿ ಎದ್ದಿತ್ತು, ಯಾರೋ ನೇರಳೆಹಣ್ಣು ತಿಂದ ಬೆರಳಿನಿಂದ ಸವರಿದ ಹಾಗೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದಳು. ಒಳಗೆ ಬಿಳಿ ಇರಬೇಕಾದಲ್ಲಿ ಕಪ್ಪು ಗೆರೆ. ಬೇರಿನಿಂದ ಹತ್ತಿದ ಬೂಷ್ಟು ಗಿಡ ನೀರು ಕುಡಿಯುವ ನಾಳವನ್ನೇ ಮುಚ್ಚುತ್ತದಂತೆ. ಗಂಟಲು ಹಿಸುಕಿದ ಹಾಗೆ ಅಂದಳು. ಫ್ಯುಸೇರಿಯಮ್ ಅಂತ ಅದರ ಹೆಸರು, ಕೊಯ್ದು ಬಿಟ್ಟ ಕೂಳೆಯಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂತಿರುತ್ತದೆ. ಕಾಕಾ ಗೋಣು ಹಾಕಿದ. ಇಲ್ಲಿಗೆ ಎಲ್ಲಾ ಸರಿ ಇತ್ತು.

ಎರಡು ಸಾಲು ಬಿಟ್ಟು ಇನ್ನೊಂದು ಗಿಡ ಕಿತ್ತಳು. ಅದರಲ್ಲಿ ನೇರಳೆ ಪಟ್ಟಿಯೇ ಇಲ್ಲ. ಬೇರು ಕೈಗೆ ಬಂದದ್ದು ಹಪ್ಪಳದ ಹಾಗೆ, ಬೆರಳು ತಾಗಿಸಿದರೆ ಸಿಪ್ಪೆ ಸುಲಿದು ಬೀಳುತ್ತಿತ್ತು. ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಬೇರೆ ಬೂಷ್ಟು ಇರಬಹುದು, ಒಣ ಬೇರು ಕೊಳೆ, ಮಳೆ ಹೋಗಿ ಬಿಸಿಲು ಬಿದ್ದು ನೆಲ ಬಿರಿದಾಗ ಏಳುತ್ತದೆ, ಎರಡೂ ಕೂಡಿರಬಹುದು ಅಂತ ತನ್ನಷ್ಟಕ್ಕೆ ತಾನೇ ಅಂದುಕೊಂಡಳು.

ಕಾಕಾ ಕೇಳಿದ: "ಹಂಗಾದ್ರ ನನ್ನ ಹೊಲಕ್ಕ ಬಂದದ್ದು ಯಾವುದವ್ವಾ?"

"ಗೊತ್ತಿಲ್ರಿ ಕಾಕಾ."

ತಲೆ ಎತ್ತಲಿಲ್ಲ, ಸಂಕೋಚವೂ ಪಡಲಿಲ್ಲ. ವೇಳೆ ಎಷ್ಟಾಯಿತು ಅಂತ ಕೇಳಿದರೆ ಗಡಿಯಾರ ಇಲ್ಲ ಅನ್ನುವ ಹಾಗೆ. ಕಾಕಾ ನನ್ನ ಮುಖ ನೋಡಿದ. ನಾನು ಕಾಕಿಯ ಮುಖ ನೋಡಿದೆ. ಕಾಕಿ ಹೋಳಿಗೆ ಬುಟ್ಟಿಗೆ ಅರಿವೆ ಮುಚ್ಚುತ್ತಿದ್ದಳು.

ಆ ನೋಟ ಯಾಕೆ ಅಂದರೆ, ಕಾಕಾ ವಾರದ ಹಿಂದೆ ಗೊಬ್ಬರದ ಅಂಗಡಿಗೆ ಹೋಗಿದ್ದ. ಅಂಗಡಿಯವ ಮೊಬೈಲಿನಲ್ಲಿ ಒಂದು ಫೋಟೋ ನೋಡಿ, ಚಹಾದ ಲೋಟ ಕೆಳಗಿಡುವುದರೊಳಗೆ "ಬೇರಿಗಿ ಹುಳ ಬಿದ್ದದ" ಅಂತ ಹೇಳಿ ಮೂರು ಬಾಟಲಿ ಎಣ್ಣೆ, ಅಂದರೆ ಕೀಟನಾಶಕ, ಕೊಟ್ಟಿದ್ದ. ಉದ್ರಿ. ಕಾಕಾ ಒಂದು ದಿನ ಪೂರ್ತಿ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದಿದ್ದ. ಬೂಷ್ಟಿಗೆ ಹುಳದ ಎಣ್ಣೆ! ಆ ಅಂಗಡಿಯವನ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಅವನಿಗೆ ಗೊತ್ತಿಲ್ಲದ ರೋಗ ಈ ತಾಲ್ಲೂಕಿನಲ್ಲಿ ಇಲ್ಲ. ಮಗಳ ಮದುವೆಯ ವೇಳೆ ಕಾಕಾನಿಗೆ ಬೀಜ, ಗೊಬ್ಬರ ಎರಡೂ ಉದ್ರಿ ಕೊಟ್ಟವನೂ ಅವನೇ ಅನ್ನುವುದನ್ನು ಮುಚ್ಚಿಡುವುದೂ ಸರಿಯಲ್ಲ. ಯುನಿವರ್ಸಿಟಿ ಉದ್ರಿ ಕೊಡುವುದಿಲ್ಲ.

ಹುಡುಗಿ ಬೇರುಗಳನ್ನು ಲಕೋಟೆಗೆ ಹಾಕುತ್ತಾ ಮುಂದಿನದನ್ನು ವಿವರಿಸಿದಳು. ಬೇರಿನ ಚೂರನ್ನು ತೊಳೆದು, ಆಲೂಗಡ್ಡೆ ಕುದಿಸಿದ ರಸದಿಂದ ಮಾಡಿದ ಗಂಜಿಯಂಥದ್ದರ ಮೇಲೆ ಇಟ್ಟರೆ ಒಂದು ವಾರದಲ್ಲಿ ಬೂಷ್ಟು ಬೆಳೆದು ತಾನು ಯಾರು ಅಂತ ತೋರಿಸುತ್ತದೆ.

"ರೋಗಕ್ಕ ಆಲೂಗಡ್ಡಿ ಉಣಸ್ತಾರಂತ ನೋಡು," ಅಂತ ಕಾಕಾ ನಕ್ಕ. ನೋವಾದಾಗ ನಗುವುದು ನಮ್ಮ ಮನೆತನದ ಚಾಳಿ.

ರೋಗದ ಹೊಲ ಅಂತಲೇ ಒಂದಿರುತ್ತದೆ ಅಂದಳು. ಬೇಕಂತಲೇ ಬೂಷ್ಟು ತುಂಬಿದ ಮಣ್ಣು, ಅದರಲ್ಲಿ ನೂರಾರು ತಳಿ ಬಿತ್ತಿ, ಸಾಯದೆ ಉಳಿದದ್ದನ್ನು ಆರಿಸಿಕೊಳ್ಳುವುದು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಹಾಗೆ ಆರಿಸಿದ ಮಾರುತಿ ತೊಗರಿ 1980ರ ದಶಕದಲ್ಲಿ ನಮ್ಮ ಕಡೆ ಬಂತು. ಆಮೇಲೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಟಿಎಸ್-3ಆರ್. ಬಿತ್ತನೆ ಬೀಜ ಅಂತ ಕೇಳಿದರೆ ರೈತರ ಬಾಯಲ್ಲಿ ಬರುವ ಹೆಸರುಗಳಲ್ಲಿ ಇವೂ ಇವೆ.

"ಅದಕ್ಕ ಬ್ಯಾರೆ ಹೊಲ ಯಾಕ ಬೇಕು? ನಂದೇ ಅದಲ್ಲ," ಅಂದ ಕಾಕಾ.

ಈ ಸಲ ಹುಡುಗಿಯೂ ನಕ್ಕಳು. ಆಮೇಲೆ ಗಂಭೀರವಾಗಿ, ಯಾವ ಬೂಷ್ಟೇ ಆಗಲಿ ಮುಂದಿನ ವರ್ಷ ಈ ಮೂಲೆಗಾದರೂ ತೊಗರಿ ಬೇಡ, ಜೋಳ ಹಾಕ್ರಿ, ಬಿತ್ತುವಾಗ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚ್ರಿ ಅಂದಳು. ಅದೂ ಒಂದು ಬೂಷ್ಟೇ, ಆದರೆ ರೋಗದ ಬೂಷ್ಟನ್ನು ತಿನ್ನುವಂಥದ್ದು. ಕಾಕಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಜೋಳಕ್ಕೆ ರೇಟು ಯಾರು ಕೊಡುತ್ತಾರೆ ಅನ್ನುವುದು ಅವನ ಹಣೆಯ ಮೇಲೇ ಬರೆದಿತ್ತು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರಕಾರಿ ಮಾನ್ಯತೆ, ಸಿಕ್ಕಾಗ ಊರಲ್ಲಿ ಪೇಢೆ ಹಂಚಿದವನು ಅವನು. ತೊಗರಿ ಬಿಡು ಅಂದರೆ ಮನೆ ಬಿಡು ಅಂದ ಹಾಗೆ ಕೇಳಿಸಿರಬೇಕು.

ಸ್ಕೂಟಿ ಹೋದ ಮೇಲೆ ಶುರುವಾಯಿತು. "ಇಷ್ಟು ಓದಿದಾಕಿಗಿ ಗೊತ್ತಿಲ್ಲ ಅಂತಾಳ, ಹತ್ತನೇ ಫೇಲಾದವಗ ಹೆಂಗ ಗೊತ್ತಾತು?" ಅಂದ ಕಾಕಾ. ನಾನು ಒಳಗೊಳಗೇ ಖುಷಿಪಟ್ಟೆ, ಸರಿಯಾದ ಪ್ರಶ್ನೆ ಅಂತ. ಅರ್ಧ ತಾಸಿನ ನಂತರ ಎತ್ತಿಗೆ ನೀರು ಕುಡಿಸುತ್ತಾ ಅವನೇ ತಿರುಗಿಸಿದ: "ಗೊತ್ತಿಲ್ಲ ಅನ್ನಾಕಿ ಮಾತು ಕೇಳಿ ಜೋಳ ಹಾಕ್ಲೇನು?" ಇದೂ ಸರಿಯಾದ ಪ್ರಶ್ನೆಯೇ. ಅವನ ಹತ್ತಿರ ಒಂದು ವಾರ ಇಲ್ಲ. ಅಂಗಡಿಯವ ಚಹಾ ಮುಗಿಯುವುದರೊಳಗೆ ಉತ್ತರ ಕೊಡುತ್ತಾನೆ.

ನನಗೆ 1997-98ರ ಹಂಗಾಮು ನೆನಪಾಯಿತು. ನಾಲ್ಕನೇ ಕ್ಲಾಸಿನಲ್ಲಿದ್ದೆ. ಆ ವರ್ಷ ಕಾಯಿಕೊರಕ ಕೀಡಿ ಈ ಭಾಗದ ತೊಗರಿಯನ್ನು ಬೋಳಿಸಿಬಿಟ್ಟಿತ್ತು. ಎಷ್ಟು ಎಣ್ಣೆ ಹೊಡೆದರೂ ಸಾಯಲಿಲ್ಲ, ಎಣ್ಣೆಯನ್ನೇ ಅರಗಿಸಿಕೊಳ್ಳುವುದು ಕಲಿತಿತ್ತು. ಸಾಲ ಮೈಮೇಲೆ ಬಿದ್ದು ಜೀವ ಕಳಕೊಂಡವರ ಸುದ್ದಿ ದಿನಾ ಕೇಳುತ್ತಿದ್ದೆವು. ಆಮೇಲಿನ ವರ್ಷಗಳಲ್ಲಿ ವಿಜ್ಞಾನಿಗಳು ಊರೂರಿಗೆ ಬಂದು ಹೇಳಿದ ಉಪಾಯ ಏನು ಗೊತ್ತೇ? ಗಿಡ ಅಲುಗಾಡಿಸ್ರಿ. ಕೆಳಗೆ ತಾಡಪತ್ರಿ ಹಿಡಿದು, ಗಿಡ ಬಗ್ಗಿಸಿ ಜಾಡಿಸಿದರೆ ಕೀಡಿ ತಪತಪ ಉದುರುತ್ತವೆ. ನಾನು, ಅಣ್ಣ ತಾಡಪತ್ರಿಯ ಎರಡು ತುದಿ ಹಿಡಿದು ಸಾಲಿನ ತುಂಬಾ ಎಳೆಯುತ್ತಿದ್ದೆವು, ಅವ್ವ ಜಾಡಿಸುತ್ತಿದ್ದಳು. ಬುಟ್ಟಿಗಟ್ಟಲೆ ಹಸಿರು ಕೀಡಿ ಕೋಳಿಗಳಿಗೆ ಹಬ್ಬ. ಮುತ್ಯಾ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದ: ಇದು ನಮ್ಮಪ್ಪ ಮಾಡ್ತಿದ್ದದ್ದು, ಎಣ್ಣಿ ಬಂದ ಮ್ಯಾಲ ನೀವೇ ಬಿಟ್ರಿ, ಈಗ ಜೀಪಿನಾಗ ಬಂದು ಹೇಳಿದ್ರ ಕೇಳ್ತೀರಿ! ಮುತ್ಯಾ ಹೇಳಿದ್ದು ಖರೆ. ವಿಜ್ಞಾನಿಗಳು ರೈತರ ಹಳೆಯ ಪದ್ಧತಿಯನ್ನೇ ಎತ್ತಿಕೊಂಡು, ಎಷ್ಟು ಕೀಡಿ ಬೀಳುತ್ತವೆ ಅಂತ ಎಣಿಸಿ ನೋಡಿ ತಿರುಗಿ ಕೊಟ್ಟಿದ್ದರು. ಎಣಿಸಬೇಕಾದರೆ ಮೊದಲು ಯಾರೋ ಒಬ್ಬರು ನಮಗಿದು ಗೊತ್ತಿಲ್ಲ ಅಂತ ಹೊಲದಲ್ಲಿ ನಿಂತಿರಬೇಕಲ್ಲ.

ಎಲ್ಲರೂ ಹಾಗಿರುತ್ತಾರೆ ಅಂತಲ್ಲ. ನಾಲ್ಕು ವರ್ಷದ ಹಿಂದೆ ಯಾರೋ ಬಂದು ಪರೀಕ್ಷೆಗೆ ಅಂತ ಇದೇ ಹೊಲದ ಮಣ್ಣು ಒಯ್ದರು. ಬಂದ ಕಾರ್ಡಿನಲ್ಲಿ ಕಾಕಾನ ಹೆಸರು, ಪಕ್ಕದ ಊರಿನ ಸರ್ವೆ ನಂಬರು. ಆ ಕಾರ್ಡು ಈಗಲೂ ಪಂಚಾಂಗದ ಹಿಂದೆ ಇದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸೋಮವಾರ ಎಂಟನೇ ಕ್ಲಾಸಿನಲ್ಲಿ ಸೂಕ್ಷ್ಮಜೀವಿಗಳ ಪಾಠ. ಬ್ರೆಡ್ಡಿಗೆ ಬೂಷ್ಟು ಎಲ್ಲಿಂದ ಬಂತು ಅಂತ ಹಿಂದಿನ ಬೆಂಚಿನ ಹುಡುಗನನ್ನು ಕೇಳಿದೆ. "ಗೊತ್ತಿಲ್ರಿ ಮಿಸ್," ಅಂದ. ಹದಿಮೂರು ವರ್ಷದ ರೂಢಿ, ನನ್ನ ಬಾಯಿಂದ "ನಿಂತ್ಕೋ" ಬಂದೇಬಿಟ್ಟಿತು. ನಿಂತ. ನಾನೂ ಚಾಕ್‌ಪೀಸು ಹಿಡಿದು ನಿಂತೆ. ಕೂಡು ಅಂತ ಹೇಳಲು ಪೂರ್ತಿ ಎರಡು ನಿಮಿಷ ಬೇಕಾಯಿತು, ಯಾಕೆ ಕೂಡಿಸಿದೆ ಅಂತ ಅವನಿಗೂ ತಿಳಿಯಲಿಲ್ಲ, ಮಿಕಿಮಿಕಿ ನೋಡಿದ.

ನಿನ್ನೆ ರಾತ್ರಿ ಕಾಕಾನ ಫೋನು.

"ಆ ಹುಡುಗಿ ಮಾಡಿದ್ಳು."

"ಏನಂದ್ಲು?"

"ಇನ್ನಾ ಬೆಳೀಲಕ್ಕತ್ತದಂತ. ಇಲ್ಲಿ ನಂದು ಒಣಗಲಕ್ಕತ್ತದ, ಅಲ್ಲಿ ಅದು ಬೆಳೀಲಕ್ಕತ್ತದ." ಸ್ವಲ್ಪ ತಡೆದು, "ನಾಳೆ ಮಷೀನ್ ಬರ್ತದ. ಆಕಿ ನಾಕು ಗಿಡಕ್ಕ ಕೆಂಪು ಚಿಂದಿ ಕಟ್ಟಿ ಹೋಗ್ಯಾಳ, ಕೊಯ್ಯಬ್ಯಾಡ್ರಿ ಅಂದಾಳ. ಮಷೀನಿನಾಂವ ನಾಕು ಗಿಡಕ್ಕ ಹ್ಯಾಂಗ ಸುತ್ತಿ ಹೋಗ್ತಾನ?"

ನಾನೇನು ಹೇಳಲಿ. ಆ ಮೂಲೆಯಷ್ಟು ಕೈಲೆ ಕೊಯ್ಯಿ ಅಂದೆ. ಕೂಲಿ ನೀ ಕೊಡ್ತೀಯೇನು ಅಂತ ಬೈದು ಫೋನಿಟ್ಟ. ಬೆಳಿಗ್ಗೆ ಕಾಕಿಗೆ ಕೇಳಿದೆ. ಐದಕ್ಕೇ ಎದ್ದು ಕುಡಗೋಲು ತಗೊಂಡು ಹೋಗ್ಯಾನ ಅಂದಳು.