ತಾಂಡೇಲ ಅಂದ್ರೆ ಯಾವ ಊರು?

"ದಾಂಡೇಲಿಯವರಾ?" ನನ್ನ ಅಡ್ಡಹೆಸರು ತಾಂಡೇಲ ಅಂತ ತಿಳಿದವರು ಮೊದಲು ಕೇಳೋದು ಇದನ್ನೇ. ಅಲ್ಲ ಅಂದ್ರೆ, "ತೆಂಡೂಲ್ಕರ್ ಕಡೆಯವರಾ?" ಅದೂ ಅಲ್ಲ ಅಂದ್ರೆ, "ಹಾಗಾದ್ರೆ ಗುಜರಾತಿಗಳಿರಬೇಕು." ಈ ಮೂರನೇ ಮಾತು ಹೇಳುವವರು ಬಹುಮಟ್ಟಿಗೆ ವಾಪಿ, ವಲ್ಸಾಡ್ ಕಡೆ ಕೆಲಸ ಮಾಡಿ ಬಂದವರು. ಬೆಂಗಳೂರಿಗೆ ಬಂದ ಮೇಲೆ ಈ ಪ್ರಶ್ನೆ ಎಷ್ಟು ಸಲ ಎದುರಾಗಿದೆಯೋ! ನಿಂತ ಕಾಲಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕಾರವಾರದವನು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ದಾಂಡೇಲಿ ನಮ್ಮ ಜಿಲ್ಲೆಯದ್ದೇ ಊರು, ಕಾಳಿ ನದಿಯ ಮೇಲ್ಗಡೆ, ಕಾಡಿನ ನಡುವೆ ಇದೆ. ನಾವು ಅದೇ ಕಾಳಿ ಸಮುದ್ರ ಸೇರುವ ಕಡೆಯವರು. ಎರಡು ಹೆಸರು ಕಿವಿಗೆ ಒಂದೇ ಥರ ಕೇಳುತ್ತವೆ, ಅಷ್ಟೇ. ತೆಂಡೂಲ್ಕರ್ ಅನ್ನೋದು ಊರಿನಿಂದ ಬಂದ ಹೆಸರು. ಕೊನೆಯಲ್ಲಿ 'ಕರ' ಇದ್ದರೆ ಸಾಮಾನ್ಯವಾಗಿ ಅದರ ಹಿಂದೆ ಒಂದು ಊರಿರುತ್ತದೆ. ಮಾಜಾಳಿಯವರು ಮಾಜಾಳಿಕರ, ಅಂಕೋಲೆಯವರು ಅಂಕೋಲೇಕರ.

ತಾಂಡೇಲ ಅನ್ನೋದು ದೋಣಿಯ ಮೇಲಿನ ಒಂದು ಹುದ್ದೆ. ದೋಣಿ ನಡೆಸುವವನು, ಅದರಲ್ಲಿ ಹೋಗುವ ಜನಕ್ಕೆಲ್ಲ ಹಿರಿಯ, ಅವನು ತಾಂಡೇಲ. ಇದು ಯಾವುದೋ ಹಳೇ ಕಾಲದ ಪದ ಅಂದುಕೊಳ್ಳಬೇಡಿ. ಕಾರವಾರದ ಬೈತಖೋಲ ಬಂದರಿಗೆ ಹೋಗಿ "ಈ ಬೋಟಿನ ತಾಂಡೇಲ ಯಾರು?" ಅಂತ ಕೇಳಿದರೆ ಇವತ್ತಿಗೂ ಜನ ಕೈ ಮಾಡಿ ತೋರಿಸುತ್ತಾರೆ. ಮಲ್ಪೆಯಲ್ಲೂ ಬೋಟಿನ ಕ್ಯಾಪ್ಟನ್‌ಗೆ ಇದೇ ಪದ.

ನನ್ನ ದೊಡ್ಡಪ್ಪ ಹೆಸರಿನಿಂದಲೂ ತಾಂಡೇಲ, ಕೆಲಸದಿಂದಲೂ ತಾಂಡೇಲ. ಪರ್ಸಿನ್ ಬೋಟಿನಲ್ಲಿದ್ದರು, ಅಂದ್ರೆ ಮೀನಿನ ಗುಂಪಿನ ಸುತ್ತ ಬಲೆ ಬಿಡುವ ಬೋಟು. ನೀರಿನ ಬಣ್ಣ ಒಂಚೂರು ಕಪ್ಪಾಗಿದೆಯಾ, ಹಕ್ಕಿಗಳು ಒಂದೇ ಕಡೆ ಇಳಿಯುತ್ತಿವೆಯಾ, ಮೇಲ್ಮೈ ಮೇಲೆ ಸಣ್ಣ ನಡುಕ ಇದೆಯಾ, ಇವನ್ನೆಲ್ಲ ನೋಡಿ ಬಂಗಡೆಯೋ ತಾರ್ಲೆಯೋ ಅಂತ ಹೇಳುತ್ತಿದ್ದರು. ಕತ್ತಲೆಯ ರಾತ್ರಿಯಲ್ಲಿ ಮೀನಿನ ಗುಂಪು ಓಡಿದರೆ ನೀರೇ ಮಿನುಗುತ್ತದೆ, ಅದನ್ನು ನೋಡಿಯೂ ಬಲೆ ಬಿಡುತ್ತಾರೆ. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸೋದಿಲ್ಲ, ಎಲ್ಲಾ ಕೈಸನ್ನೆ. ಅವರ ಬಲಗೈ ಕೆಳಗೆ ಬಂತು ಅಂದ್ರೆ ಬಲೆಯ ಒಂದು ತುದಿ ಹಿಡಿದ ಸಣ್ಣ ದೋಣಿ ಅಲ್ಲೇ ನಿಲ್ಲಬೇಕು. ದೊಡ್ಡ ಬೋಟು ಮೀನಿನ ಸುತ್ತ ಬಲೆ ಬಿಡುತ್ತಾ ಒಂದು ಸುತ್ತು ಹಾಕಿ ಮತ್ತೆ ಆ ದೋಣಿಯ ಹತ್ತಿರ ಬರಬೇಕು. ಆಮೇಲೆ ಕೆಳಗಿನ ಬಳೆಗಳಲ್ಲಿ ಪೋಣಿಸಿದ ಹಗ್ಗ ಎಳೆದರೆ ಬಲೆಯ ತಳ ಸಂಚಿಯ ಬಾಯಿಯಂತೆ ಮುಚ್ಚಿಕೊಳ್ಳುತ್ತದೆ. ಸುತ್ತು ಸ್ವಲ್ಪ ತಡವಾದರೂ ಮೀನು ತಳದಿಂದ ಜಾರಿ ಹೋಗುತ್ತದೆ. ಆವತ್ತಿನ ಡೀಸೆಲ್, ಐಸು, ಊಟದ ಖರ್ಚು ಎಲ್ಲಾ ನೀರುಪಾಲು. ಪಾಲು ಹಂಚುವಾಗ ತಾಂಡೇಲನಿಗೆ ಉಳಿದವರಿಗಿಂತ ಜಾಸ್ತಿ ಸಿಗೋದು ಇದಕ್ಕೇ. ಮೀನು ಸಿಗದಿದ್ದರೆ ಮಾತು ಕೇಳಬೇಕಾದವನೂ ಅವನೇ. ಗಾಳಿ ಎದ್ದಾಗ ವಾಪಸ್ ತಿರುಗೋಣ ಅನ್ನೋ ತೀರ್ಮಾನವೂ ಅವನದ್ದೇ.

ಈ ಪದ ಎಷ್ಟು ದೂರ ಓಡಾಡಿದೆ ನೋಡಿ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಅನ್ನೋ ಇಂಗ್ಲಿಷ್ ನಿಘಂಟಿನಲ್ಲಿ ಇದು 'ಟಿಂಡಲ್' ಅಂತ ಇದೆ. ಮಲಯಾಳದಲ್ಲಿ ತಂಡಲ್, ತೆಲುಗಿನಲ್ಲಿ ತಂಡೇಲು, ಮರಾಠಿಯಲ್ಲಿ ತಾಂಡೇಲ. ಅರ್ಥ ಎಲ್ಲಾ ಕಡೆ ಸುಮಾರಾಗಿ ಒಂದೇ: ಒಂದು ಗುಂಪಿನ ಜನಕ್ಕೆ ಮುಖ್ಯಸ್ಥ. ಬ್ರಿಟಿಷರ ಹಡಗುಗಳಲ್ಲಿ ನಮ್ಮ ದೇಶದ ನಾವಿಕರಿಗೆ ಲಸ್ಕರ್ ಅನ್ನುತ್ತಿದ್ದರು. ಅವರ ಮೇಲೆ ಸಾರಂಗ, ಸಾರಂಗನ ಕೆಳಗೆ ಟಿಂಡಲ್. ಅಂದ್ರೆ ದೊಡ್ಡ ಹಡಗಿನ ಲಸ್ಕರರಲ್ಲಿ ತಾಂಡೇಲ ಎರಡನೆಯವನು, ನಮ್ಮ ಮೀನಿನ ಬೋಟಿನಲ್ಲಿ ಅವನೇ ಮೊದಲನೆಯವನು.

ಹುದ್ದೆ ಅಡ್ಡಹೆಸರಾಗೋದು ಕರಾವಳಿಗೆ ಹೊಸದಲ್ಲ. ಸಾರಂಗ ಅನ್ನೋ ಅಡ್ಡಹೆಸರು ಪಾರಸಿಯ ಸರ್‌ಹಂಗ್, ಅಂದ್ರೆ ಪಡೆಯ ಮುಖ್ಯಸ್ಥ. ನಾಖುದಾ ಕೂಡ ಪಾರಸಿಯೇ. ನಾವ್ ಅಂದ್ರೆ ಹಡಗು, ಖುದಾ ಅಂದ್ರೆ ಒಡೆಯ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಭಟ್ಕಳದ ನವಾಯತ ಮುಸ್ಲಿಮರಲ್ಲಿರುವ ಶಾಬಂದ್ರಿ. ಶಾಹ್‌ಬಂದರ್ ಅಂದ್ರೆ ಬಂದರಿನ ಅಧಿಕಾರಿ. ಹಿಂದೂ ಮಹಾಸಾಗರದ ಎಷ್ಟೋ ಬಂದರುಗಳಲ್ಲಿ ಈ ಹುದ್ದೆ ಇತ್ತು. ಭಟ್ಕಳ ಆಗ ಸಣ್ಣ ಬಂದರಲ್ಲ. ವಿಜಯನಗರಕ್ಕೆ ಅರಬ್ ಕಡೆಯಿಂದ ಕುದುರೆಗಳು ಬಂದು ಇಳಿಯುತ್ತಿದ್ದ ಜಾಗ. ನಾಡಕರ್ಣಿ, ಶಾನಭಾಗ ಅಂತ ಲೆಕ್ಕ ಬರೆಯುವ ಹುದ್ದೆಗಳು ಹೆಸರಾದ ಹಾಗೇ ಸಮುದ್ರದ ಹುದ್ದೆಗಳೂ ಹೆಸರಾದವು.

ಇನ್ನು, ಈ ಹೆಸರು ಅಪರೂಪ ಅನ್ನೋ ಮಾತು. ಬೆಂಗಳೂರಿನಲ್ಲಿ ತಾಂಡೇಲ ಅಪರೂಪ, ನಿಜ. ಕಾರವಾರದ ಸಮುದ್ರದಂಡೆಯಲ್ಲಿ ಅಲ್ಲ. ನಮ್ಮ ಶಾಲೆಯಲ್ಲಿ ಹಾಜರಿ ಕರೆಯುವಾಗ ಬರೀ ತಾಂಡೇಲ ಅಂದ್ರೆ ಒಬ್ಬರಿಗಿಂತ ಜಾಸ್ತಿ ಜನ ಎದ್ದು ನಿಲ್ಲುತ್ತಿದ್ದರು. ಇನ್ನೂ ಉತ್ತರಕ್ಕೆ, ದಹಾಣು, ದಮನ್, ವಲ್ಸಾಡ್, ನವಸಾರಿ ಕಡೆ ಹೋದರೆ ಈ ಹೆಸರು ಮನೆಮನೆಯಲ್ಲಿ ಸಿಗುತ್ತದೆ. ದಮನ್-ದಿಯು ಕ್ಷೇತ್ರದಿಂದ ಲೋಕಸಭೆಗೆ ಹೋದವರಲ್ಲೇ ಗೋಪಾಲ ತಾಂಡೇಲ, ದೇವ್ಜಿ ತಾಂಡೇಲ ಅಂತ ಇಬ್ಬರಿದ್ದಾರೆ. ಗುಜರಾತಿಗಳಾ ಅಂತ ಜನ ಕೇಳೋದರಲ್ಲಿ ತಪ್ಪೇನಿಲ್ಲ. ಆದರೆ ಹೆಸರು ಒಂದೇ ಅಂದ ಮಾತ್ರಕ್ಕೆ ಮನೆತನ ಒಂದೇ ಆಗೋದಿಲ್ಲ. ಅಲ್ಲಿ ಯಾರೋ ಒಬ್ಬರು ದೋಣಿ ನಡೆಸಿದರು, ಇಲ್ಲಿ ಇನ್ಯಾರೋ ನಡೆಸಿದರು. ಪಟೇಲ ಅಂದ ತಕ್ಷಣ ನಮ್ಮ ಹಳ್ಳಿಯ ಪಟೇಲರನ್ನೂ ಗುಜರಾತಿನ ಆಣಂದದ ಪಟೇಲರನ್ನೂ ನೆಂಟರು ಅನ್ನೋದಿಲ್ಲ, ಅಲ್ವಾ?

ಮೈಸೂರು ಕಡೆಯ ಗೆಳೆಯರು ಇನ್ನೊಂದು ಕೇಳುತ್ತಾರೆ. "ನಮಗೆಲ್ಲ ಇನಿಷಿಯಲ್ ಸಾಕು, ನಿಮ್ಮ ಜಿಲ್ಲೆಯವರಿಗೆ ಮಾತ್ರ ಯಾಕೆ ಅಡ್ಡಹೆಸರು?" ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ತನಕ ಅಲ್ಲೇ ಇತ್ತು. ಮುಂಬಯಿ ಕಡೆ ಹೆಸರು ಬರೆಯುವ ಕ್ರಮವೇ ಹಾಗೆ: ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಶಾಲೆ, ಕಚೇರಿಯ ಪುಸ್ತಕಗಳಲ್ಲಿ ಹಾಗೇ ಬರೆಯುತ್ತಾ ಹೋದರು. ಅಪ್ಪ ತಾಂಡೇಲನಾಗಿದ್ದರೆ ಮಗನೂ ತಾಂಡೇಲ ಅಂತ ದಾಖಲಾದ. ಮಗ ದೋಣಿ ಹತ್ತಲಿ ಬಿಡಲಿ, ಹೆಸರು ಉಳಿಯಿತು.

ಕೆಲವರ ಪ್ರಶ್ನೆಯ ಹಿಂದೆ ಬೇರೆ ಪ್ರಶ್ನೆ ಇರುತ್ತದೆ. ಯಾವ ಜನ ಅಂತ ತಿಳಿಯಬೇಕು, ನೇರ ಕೇಳೋಕೆ ಸಂಕೋಚ. ಅವರಿಗೆ ನಾನು ಹೇಳೋದು ಇಷ್ಟೇ: ಈ ಹೆಸರಿನಿಂದ ಅದು ತಿಳಿಯೋದಿಲ್ಲ. ಖಾರ್ವಿಗಳಲ್ಲಿ ತಾಂಡೇಲರಿದ್ದಾರೆ, ಮುಂಬೈಯ ಕೋಳಿ ಜನಾಂಗದವರಲ್ಲಿ ಇದ್ದಾರೆ, ಗುಜರಾತಿನ ಮಾಛಿಗಳಲ್ಲಿ ಇದ್ದಾರೆ, ಕೊಂಕಣದ ಮುಸ್ಲಿಮರಲ್ಲೂ ಇದ್ದಾರೆ. ಇಷ್ಟು ಬೇರೆ ಬೇರೆ ಜನ ಒಂದೇ ಹೆಸರು ಹೊತ್ತಿರೋದು ನನಗೆ ಹೆಮ್ಮೆಯ ವಿಷಯ. ದೋಣಿಯಲ್ಲಿ ಕೂತವರು ತಮ್ಮ ಜೀವವನ್ನು ನಂಬಿಕೆಯಿಂದ ಒಬ್ಬನ ಕೈಗೆ ಕೊಟ್ಟಿದ್ದರು, ಈ ಹೆಸರು ಹೇಳೋದು ಅದನ್ನು.

ಈಗ ನಮ್ಮ ಮನೆಯಲ್ಲಿ ಯಾರೂ ಬೋಟಿಗೆ ಹೋಗೋದಿಲ್ಲ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಆಗಸ್ಟಿನಲ್ಲಿ ಬೋಟುಗಳು ಹೊರಟಾಗ ಖಲಾಸಿಗಳಲ್ಲಿ, ಅಂದ್ರೆ ಬೋಟಿನ ಕೆಲಸಗಾರರಲ್ಲಿ, ಒಡಿಶಾ, ಜಾರ್ಖಂಡಿನ ಹುಡುಗರೇ ಜಾಸ್ತಿ. ಅವರಲ್ಲೂ ಕೆಲಸ ಕಲಿತು ಚುಕ್ಕಾಣಿ ಹಿಡಿಯುವವರು ಬರಲಿ. ಆಗ ಅವರೂ ತಾಂಡೇಲರೇ.

ನಿಮ್ಮದೂ ಇದೇ ಅಡ್ಡಹೆಸರಾಗಿದ್ದು, ನಿಮ್ಮ ಕವಲು ಎಲ್ಲಿಯದು ಅಂತ ಹುಡುಕುತ್ತಿದ್ದರೆ ಒಂದು ಸಲಹೆ. ಪಹಣಿಯಿಂದ ಶುರು ಮಾಡಬೇಡಿ. ಮೀನುಗಾರರ ಹೆಸರಿನಲ್ಲಿ ಜಮೀನು ಇದ್ದದ್ದೇ ಕಡಿಮೆ. ಅಜ್ಜನ ಶಾಲೆಯ ದಾಖಲೆ ತೆಗೆಸಿ ನೋಡಿ. ಅದಕ್ಕೂ ಮೊದಲು ಮನೆಯ ಹಿರಿಯ ಹೆಂಗಸರ ಹತ್ತಿರ ಕುಲದೇವರು ಯಾವುದು, ಹರಕೆ ಯಾವ ಊರಿಗೆ ಹೋಗುತ್ತಿತ್ತು ಅಂತ ಕೇಳಿ.