ಪೇಷೆಂಟ್‌ಗೆ ಎಲ್ಲಾ ಹೇಳ್ಬಿಟ್ರೆ ಧೈರ್ಯ ಕಳ್ಕೊಳ್ಳಲ್ವಾ?

ಪ್ಯಾಲಿಯೇಟಿವ್ ಕೇರ್‌ನಲ್ಲಿ, ಅಂದ್ರೆ ಗಂಭೀರ ಕಾಯಿಲೆಯವರ ನೋವು, ತೊಂದರೆ ತಗ್ಗಿಸೋ ಚಿಕಿತ್ಸೇಲಿ, ಕೆಲಸ ಮಾಡ್ತೀನಿ ಅಂದ ಕೂಡ್ಲೆ ಬರೋ ಪ್ರಶ್ನೆ ಇದು. ಕ್ಯಾನ್ಸರ್ ನಾಲ್ಕನೇ ಸ್ಟೇಜ್‌ನಲ್ಲಿದೆ, ಮನೇಲಿ ಎಲ್ರಿಗೂ ಗೊತ್ತು, "ಅಮ್ಮಂಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ" ಅಂತ ಮಗ ಮೊದಲೇ ಒಳಗೆ ಬಂದು ಪಿಸುಗುಟ್ಟಿರ್ತಾನೆ, ಆಮೇಲೆ ಅಮ್ಮ ಅಲ್ಲೇ ವೀಲ್‌ಚೇರ್‌ನಲ್ಲಿ ಕೂತಿದ್ರೂ ಸ್ಕ್ಯಾನ್ ರಿಪೋರ್ಟಿನ ಮಾತೆಲ್ಲ ಅವರ ತಲೆ ಮೇಲಿಂದಾನೇ ಹೋಗುತ್ತೆ.

ಎಲ್ಲಾ ಹೇಳಿಬಿಡಿ ಅಂತ ನಾನು ಅನ್ನಲ್ಲ. ಎಷ್ಟು ತಿಳ್ಕೋಬೇಕು ಅಂತ ಅವರನ್ನೇ ಕೇಳಿ. "ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಗೊತ್ತಿದೆ? ಇನ್ನೂ ಹೇಳ್ಲಾ, ಇಲ್ಲಾ ಮಗನ ಹತ್ರ ಮಾತಾಡ್ಲಾ?" ಕೆಲವರು ಅವನ ಹತ್ರಾನೇ ಮಾತಾಡಿ ಅಂತಾರೆ, ಸರಿ, ಅದೂ ಅವರದೇ ತೀರ್ಮಾನ. ಆದ್ರೆ ಸುಮಾರು ಜನಕ್ಕೆ ಅರ್ಧ ಗೊತ್ತಿರುತ್ತೆ, ಬಟ್ಟೆ ಸಡಿಲ ಆಗಿರೋದು ಅವರಿಗೆ ಕಾಣಲ್ವಾ, ಮನೆಯವರು ನೊಂದ್ಕೋತಾರೆ ಅಂತ ಅವರೂ ಸುಮ್ನಿರ್ತಾರೆ ಅಷ್ಟೆ.

ಧೈರ್ಯದ ವಿಷಯಕ್ಕೆ ಬಂದ್ರೆ, 2010ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರಲ್ಲಿ ಕೆಲವರಿಗೆ ಶುರುವಿನಿಂದಲೇ ಮಾಮೂಲಿ ಟ್ರೀಟ್‌ಮೆಂಟ್ ಜೊತೆಗೆ ಪ್ಯಾಲಿಯೇಟಿವ್ ಟೀಮನ್ನೂ ಕೊಟ್ರು. ಖಿನ್ನತೆ ಲಕ್ಷಣ ಕಂಡಿದ್ದು ಅವರಲ್ಲಿ 16%, ಉಳಿದವರಲ್ಲಿ 38%. ಟೀಮಿನವರು ಕಾಯಿಲೆ ಬಗ್ಗೆ ಬರೀ ಮಾತಾಡಿದ್ದರಿಂದಲೇ ಹಾಗಾಯ್ತು ಅಂತಲ್ಲ, ನೋವು ಸುಸ್ತು ಎಲ್ಲಾ ನೋಡ್ಕೊಳ್ತಿದ್ರು, ಆದ್ರೂ ಮುಂದಿನ ಮಾತು ಎತ್ತಿದ್ರೆ ಜನ ಕುಸಿದುಹೋಗ್ತಾರೆ ಅನ್ನೋ ಭಯಕ್ಕೆ ಇದು ಒಂದು ಉತ್ತರ.

ರೋಗಿಗಳಿಗೆ ನಿಜವಾಗಿ ಎಷ್ಟು ಗೊತ್ತಿರುತ್ತೆ ಅನ್ನೋದಕ್ಕೆ 2012ರ ಅಮೆರಿಕದ ಇನ್ನೊಂದು ಅಧ್ಯಯನ ನೋಡಿ: ಇಂಥದೇ ಹಂತದಲ್ಲಿ ಕೀಮೋ ತಗೊಂಡೋರಲ್ಲಿ, ಇದರಿಂದ ಕಾಯಿಲೆ ವಾಸಿಯಾಗೋ ಸಾಧ್ಯತೆ ಇಲ್ಲ ಅನ್ನೋದು ಶ್ವಾಸಕೋಶದ ಕ್ಯಾನ್ಸರ್‌ನವರಲ್ಲಿ 69% ಜನಕ್ಕೆ, ದೊಡ್ಡ ಕರುಳಿನ ಕ್ಯಾನ್ಸರ್‌ನವರಲ್ಲಿ 81% ಜನಕ್ಕೆ ತಿಳಿದಿರಲಿಲ್ಲ. ಅಂದ್ಮೇಲೆ ಅವರ ಸೈನ್ ಇರೋ ಕನ್ಸೆಂಟ್ ಫಾರ್ಮ್‌ಗೆ ಏನು ಬೆಲೆ, ನೀವೇ ಹೇಳಿ.

ಅದಕ್ಕೇ ಪ್ರಶ್ನೆಗಳನ್ನ ಮನೇಲೇ ಚೀಟೀಲಿ ಬರ್ಕೊಂಡು ಬನ್ನಿ, ಡಾಕ್ಟರ್ ಮುಂದೆ ಕೂತಾಗ ಮರೆತೇ ಹೋಗುತ್ತೆ. ಈ ಔಷಧ ಯಾತಕ್ಕೆ, ಆಯಸ್ಸು ಎಳೆಯೋಕಾ, ನೋವು ತಗ್ಗಿಸೋಕಾ? ನಿಲ್ಲಿಸಿದ್ರೆ ಏನಾಗುತ್ತೆ? ರೋಗಿ ಹೇಳ್ಬೇಕಾಗಿರೋದೂ ಇದೆ, ಐಸಿಯು ಬೇಡವಾ, ಎಚ್ಚರ ತಪ್ಪಿದ್ರೆ ಯಾರ ಮಾತು ನಡೀಬೇಕು. ಇದನ್ನ ಅವರು ಮಾತಾಡೋ ಸ್ಥಿತೀಲಿ ಇರೋವಾಗ್ಲೇ ಕೇಳ್ಬೇಕು.

ನೋಡ್ಕೊಳ್ಳೋರಿಗೂ ಐದು ನಿಮಿಷ ಬೇರೆ ಕೊಡ್ಸಿ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದ್ರೆ ಯಾರಿಗೆ ಫೋನ್ ಮಾಡೋದು, ಮಾರ್ಫಿನ್ ಕೊಟ್ಟ ಮೇಲೂ ನೋವಿದ್ರೆ ಎಷ್ಟು ಹೊತ್ತು ಬಿಟ್ಟು ಮತ್ತೆ ಕೊಡ್ಬಹುದು, ಇವನ್ನ ಅವರು ರೋಗಿ ಎದುರು ಕೇಳಲ್ಲ. ರೋಗಿ ಹೇಳಿದ್ದು, ಡಾಕ್ಟರ್ ಕೊಟ್ಟ ಉತ್ತರ ಎರಡನ್ನೂ ಫೈಲಿನ ಮೊದಲನೇ ಹಾಳೇಲಿ ತಾರೀಖು ಹಾಕಿ ಬರೆಸ್ಕೊಳ್ಳಿ, ಮುಂದಿನ ಸ್ಕ್ಯಾನ್ ಹೊತ್ತಿಗೆ ರೋಗಿ ಮನಸ್ಸು ಬದಲಾದ್ರೆ ಹಳೇದು ಹೊಡೆದುಹಾಕಿ ಹೊಸದು ಬರೆಸಿ.